ಖಲೀಫರ ಪೀಠವೂ ದೊಡ್ಡಬೀರಯ್ಯನ ವೀಳ್ಯವೂ

ಹುಣಸೂರು ತಾಲ್ಲೂಕಿನ ಮುತ್ತುಗದಕೊಪ್ಪಲಿನ ದೊಡ್ಡಬೀರಯ್ಯನವರು ಖಿಲಾಫತ್ತಿನ ಪರ ನಿಂತರಂತೆ ಎಂಬ ಸುದ್ದಿ ಹಬ್ಬಿದಾಗ ನಕ್ಕವರೇ ಹೆಚ್ಚು. ನಗದೆ ಉಳಿದವರೆಂದರೆ ಅವರ ಹೆಂಡತಿ ಚಾಮುಂಡಮ್ಮ ಮತ್ತು ಪೊಲೀಸ್ ಠಾಣೆಯವರು. ಬೀರಯ್ಯನವರಿಗೆ ಅರಬ್ಬಿ ಹಾಗಿರಲಿ, ಉರ್ದುವಿನಲ್ಲಿ ಹತ್ತರ ಮೇಲೆ ಎಣಿಸಲೂ ಬಾರದು. ಹಣೆಗೆ ದೇವರ ಭಂಡಾರದ ಅರಿಸಿನ ಇಟ್ಟುಕೊಳ್ಳದೆ ಬೆಳಗಿನ ಕಾಫಿ ಮುಟ್ಟಿದವರಲ್ಲ. ಅಂಥವರು ಎಲ್ಲೋ ಟರ್ಕಿಯ ಖಲೀಫರಿಗಾಗಿ ಮನಸಾರೆ ಮರುಗಿದರು ಅಂದರೆ ಅದಕ್ಕೆ ಧರ್ಮವೂ ಕಾರಣವಲ್ಲ, ರಾಜಕೀಯವೂ ಕಾರಣವಲ್ಲ. ಅವರೂ ಒಂದು ಪೀಠ ಕಳೆದುಕೊಂಡವರಾಗಿದ್ದರು.

ಹನ್ನೊಂದು ವರ್ಷದ ಹಿಂದಿನವರೆಗೆ ಬೀರಯ್ಯನವರು ಒಂದೇ ಕುಲದವರಿದ್ದ ಆ ಊರಿಗೆ ಯಜಮಾನರು. ಅಪ್ಪನಿಂದ ಬಂದ ಪದವಿ, ಅಪ್ಪನಿಗೆ ಅವರಪ್ಪನಿಂದ. ಸಂಬಳವಿಲ್ಲ, ಸರ್ಕಾರದ ಮೊಹರಿಲ್ಲ. ಇದ್ದದ್ದು ಅರಳಿಕಟ್ಟೆಯ ಮೇಲೆ ನಡುವಿನ ಜಾಗ, ಮತ್ತು ಮೊದಲ ವೀಳ್ಯ. ಮದುವೆಯಿರಲಿ ತಿಥಿಯಿರಲಿ, ಮೊದಲ ವೀಳ್ಯವನ್ನು ಅವರ ಹೆಸರಿಗೆ ಕೂಗಬೇಕು. ಅವರು ಅದನ್ನು ಕೈಯಲ್ಲಿ ಹಿಡಿದು, ಒಮ್ಮೆ ಗಂಟಲು ಸರಿಮಾಡಿಕೊಂಡು, ‘ಕೂತ್ಕಳ್ರಪ್ಪ’ ಎಂದ ಮೇಲೆಯೇ ಜನ ಊಟಕ್ಕೆ ಕೂರಬೇಕು. ಗಂಟಲು ಸರಿಮಾಡಿಕೊಳ್ಳುವುದಕ್ಕೆ ಬೀರಯ್ಯನವರು ಸಾಕಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದರು ಎಂದು ಊರಿನ ಹಸಿದವರು ಇವತ್ತಿಗೂ ಹೇಳುತ್ತಾರೆ.

ಆಮೇಲೆ ಯಾವುದೋ ಒಂದು ಮದುವೆಯ ನ್ಯಾಯ ಕೆಟ್ಟಿತು. ಮಾಯಮ್ಮ ಎಂಬ ವಿಧವೆಯ ಮಗ ನಟರಾಜು ಊರಿನ ಹುಡುಗರನ್ನು ಸೇರಿಸಿ, ಪಂಚಾಯ್ತಿ ಇದೆ, ಕೋರ್ಟು ಇದೆ, ಇನ್ನು ಯಜಮಾನಿಕೆ ಬೇಡ ಎಂದು ತೀರ್ಮಾನ ಮಾಡಿಬಿಟ್ಟ. ಆ ಮದುವೆಯ ವಿಷಯವನ್ನು ಬೀರಯ್ಯನವರು ಯಾರ ಮುಂದೆಯೂ ಎತ್ತುತ್ತಿರಲಿಲ್ಲ. ಪದವಿ ಹೋದ ವಿಷಯವನ್ನು ಮಾತ್ರ ಎಲ್ಲರ ಮುಂದೆಯೂ ಎತ್ತುತ್ತಿದ್ದರು. ಈಗಂತೂ ಮಗಳು ಮೀನಾಳ ಮದುವೆ ನಿಶ್ಚಯದ ವೀಳ್ಯಶಾಸ್ತ್ರಕ್ಕೆ ದಿನ ಗೊತ್ತಾಗಿತ್ತು. ಗಂಡು ಕಂಪಲಾಪುರದ ಪುಟ್ಟಮಲ್ಲಪ್ಪನವರ ಮಗ ಶರತ್, ಎಚ್.ಡಿ. ಕೋಟೆಯ ದನದ ಆಸ್ಪತ್ರೆಯಲ್ಲಿ ಕೆಲಸ. ಮೀನಾ ಕೆ.ಆರ್. ನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಇಬ್ಬರೂ ಮೊದಲೇ ಒಪ್ಪಿಕೊಂಡು ಆಮೇಲೆ ಹಿರಿಯರ ಕೈಲಿ ಒಪ್ಪಿಸಿದ ಸಂಬಂಧ ಅದು. ತನ್ನ ಒಬ್ಬಳೇ ಮಗಳ ಶಾಸ್ತ್ರದಲ್ಲಿ ಮೊದಲ ವೀಳ್ಯ ತನ್ನ ಹೆಸರಿಗೆ ಕೂಗಬೇಕು. ಬೀರಯ್ಯನವರಿಗೆ ಇದ್ದ ಆಸೆ ಇದೊಂದೇ.

ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಬೇಕೆಂದು ಅವರು ಹುಣಸೂರಿಗೆ ಹೋಗಿದ್ದು ಆ ದಿನಗಳಲ್ಲೇ. ಮರದ ಮಿಲ್ಲಿನ ಗೌಸ್ ಸಾಬರು ಅವರಿಗೆ ಹಳೆಯ ಸ್ನೇಹಿತರು. ಸಾಬರ ಸೋದರಳಿಯ ಇಮ್ದಾದ್ ದುಬೈಯಲ್ಲಿ ಏಸಿ ರಿಪೇರಿ ಮಾಡಿಕೊಂಡಿದ್ದವನು, ಈಗ ಊರಿಗೆ ಬಂದು ಮಿಲ್ಲಿನ ಕಚೇರಿಯಲ್ಲಿ ಫೋನು ನೋಡುತ್ತ ಕೂತಿದ್ದ. ಫೋನಿನಲ್ಲಿ ಯಾರೋ ಒಬ್ಬರು ಮುಷ್ಟಿ ಎತ್ತಿ ಮಾತಾಡುತ್ತಿದ್ದರು. ಏನಂತೆ ಎಂದು ಬೀರಯ್ಯನವರು ಕೇಳಿದರು. ಗೌಸ್ ಸಾಬರು ಬೇಸರದಿಂದಲೇ ವಿವರಿಸಿದರು. ಹಿಂದೆ ಮುಸಲ್ಮಾನರಿಗೆಲ್ಲ ಒಬ್ಬ ಹಿರಿಯರು ಇದ್ದರು, ಖಲೀಫ ಅಂತ, ಕೊನೆಗೆ ಅವರು ಟರ್ಕಿಯಲ್ಲಿದ್ದರು, ನೂರು ವರ್ಷದ ಹಿಂದೆ ಅಲ್ಲಿಯವರೇ ಆ ಪದವಿ ಬೇಡ ಎಂದು ತೆಗೆದುಹಾಕಿದರು, ಈಗ ಇಂಥ ಕೆಲವರು ಅದನ್ನು ಮತ್ತೆ ತರಬೇಕು ಅನ್ನುತ್ತಾರೆ.

ಬೀರಯ್ಯನವರು ಕೂತಿದ್ದ ದಿಮ್ಮಿಯಿಂದ ಎದ್ದು ನಿಂತರು.

“ಊರೋರೇ ತಗುದಾಕುದ್ರಾ? ಹುಡುಗರು?”

“ಪಾರ್ಲಿಮೆಂಟು ಗೌಡ್ರೆ.”

“ಅದೇ ಕಣ್ರೀ, ಹುಡುಗರು. ಆಮೇಲೆ ಅವರನ್ನೇನು ಮಾಡುದ್ರು?”

“ಹೆಂಡ್ರು ಮಕ್ಕಳ ಸಮೇತ ರೈಲು ಹತ್ತಿಸಿ ಕಳಿಸಿಬಿಟ್ರು. ಪಾಪ, ಚಿತ್ರ ಬರೀತಿದ್ದ ಮನುಷ್ಯ ಅಂತೆ.”

“ರೈಲಾದ್ರೂ ಸಿಕ್ತಲ್ಲ,” ಎಂದರು ಬೀರಯ್ಯನವರು. “ನಂಗೆ ಬಸ್ಸೂ ಇಲ್ಲ. ತಗುದಾಕುದೋರ ಮುಂದೇನೇ ದಿನಾ ಓಡಾಡ್ಕಂಡಿರಬೇಕು.”

ಆಮೇಲೆ ಬೀರಯ್ಯನವರನ್ನು ತಡೆಯುವವರಿರಲಿಲ್ಲ. ಗೌಸ್ ಸಾಬರನ್ನು ಗರಗಸದ ಹತ್ತಿರ ಯಾರೋ ಕರೆದರು, ಅವರು ಎದ್ದು ಹೋದರು. ತಲೆಯೊಂದು ಇದ್ದಿದ್ದರೆ ಲೋಕದ ನಮ್ಮವರೆಲ್ಲ ಒಂದಾಗಿರುತ್ತಿದ್ದರು, ತಲೆಯಿಲ್ಲದೆ ಹೀಗಾಯಿತು ಎಂದು ಇಮ್ದಾದ್ ಹೇಳಿದ. ನಮ್ಮೂರಲ್ಲೂ ಅದೇ ಆಗಿದ್ದು ಎಂದು ಬೀರಯ್ಯನವರು ಹೂಂಗುಟ್ಟಿದರು. ಯಜಮಾನಿಕೆ ಹೋದ ಮೇಲೆ ಬದುವಿನ ಜಗಳ ಹೆಚ್ಚಾಯಿತು, ಹುಡುಗರು ಮೀಸೆ ಬೋಳಿಸಿಕೊಂಡರು, ದೇವಸ್ಥಾನದ ಮುಂದೆ ಬೈಕು ನಿಲ್ಲಿಸುವುದಕ್ಕೆ ಹೇಳುವವರು ಕೇಳುವವರು ಇಲ್ಲ. ಹಣೆಯಲ್ಲಿ ಭಂಡಾರವಿರುವ ಒಬ್ಬ ಹಿರಿಯ ಗೌಡರು ತನ್ನ ಮಾತಿಗೆ ಇಷ್ಟು ಕಳಕಳಿಯಿಂದ ಹೂಂಗುಟ್ಟಿದ್ದು ಇಮ್ದಾದನ ಬಾಳಿನಲ್ಲೇ ಮೊದಲ ಸಲ. ಅವನು ವಿಡಿಯೋ ತೆಗೆಯಲು ಫೋನನ್ನು ಅವರ ಮುಖದ ಮುಂದೆ ಹಿಡಿದ. ಬೀರಯ್ಯನವರು ಹೆಗಲ ಟವೆಲ್ಲು ಸರಿಮಾಡಿಕೊಂಡು, ಟರ್ಕಿಯವರು ಮಾಡಿದ್ದು ತಪ್ಪು, ಖಿಲಾಫತ್ತು ವಾಪಸ್ ಬರಲೇಬೇಕು ಎಂದರು. ಅದರ ಬೆನ್ನಿಗೇ, ಅದು ಬಂದ ಮೇಲೆ ಮುತ್ತುಗದಕೊಪ್ಪಲಿನ ಯಜಮಾನಿಕೆಯೂ ಬರಬೇಕು ಎಂದೂ ಸೇರಿಸಿದರು. ಅವರಿಗೆ ಮುಖ್ಯವಾಗಿದ್ದದ್ದು ಈ ಎರಡನೆಯ ಮಾತು.

ಫೋನುಗಳಲ್ಲಿ ಹರಿದಾಡಿದ್ದು ಮೊದಲನೆಯ ಮಾತು. ಇಮ್ದಾದ್ ಪೂರ್ತಿ ಮಾತನ್ನೇ ಹಾಕಿದ್ದ. ಯಾರೋ ಪುಣ್ಯಾತ್ಮರು ಯಜಮಾನಿಕೆಯನ್ನು ಕತ್ತರಿಸಿ, ಖಿಲಾಫತ್ತನ್ನು ಉಳಿಸಿ, ಹಿಂದೆ ಡೋಲು ಬಡಿಸಿ ಬಿಟ್ಟರು. ಎರಡು ದಿನದಲ್ಲಿ ಅದು ಪಿರಿಯಾಪಟ್ಟಣ ದಾಟಿ ಕೋಟೆಗೆ ಹೋಯಿತು. ಕೋಟೆಯಲ್ಲಿದ್ದ ಚಾಮುಂಡಮ್ಮನ ತಮ್ಮ ಫೋನು ಮಾಡಿ, ಭಾವ ಈ ಸಲ ಮಾರಿಹಬ್ಬಕ್ಕೆ ಬರುತ್ತಾರೋ ಇಲ್ಲವೋ ಎಂದು ಬಹಳ ಸಂಕೋಚದಿಂದ ವಿಚಾರಿಸಿದ. ಮೀನಾಳ ಲ್ಯಾಬಿಗೆ ರಕ್ತ ಕೊಡಲು ಬಂದ ಒಬ್ಬ ಮುದುಕ ತೋಳು ಚಾಚಿಕೊಂಡೇ ಫೋನಿನಲ್ಲಿ ಅವಳಿಗೆ ಅವಳ ಅಪ್ಪನನ್ನು ತೋರಿಸಿದ. ಇಮ್ದಾದ್ ಹೆದರಿ ತನ್ನದನ್ನು ಅಳಿಸಿದ, ಆದರೆ ಅಷ್ಟರಲ್ಲಿ ಡೋಲಿನದು ಎಲ್ಲ ಕಡೆ ಹೋಗಿಯಾಗಿತ್ತು.

ಮೂರನೆಯ ದಿನ ಹೆಡ್ ಕಾನ್ಸ್‌ಟೇಬಲ್ ರುದ್ರಸ್ವಾಮಿ ಬೈಕಿನಲ್ಲಿ ಬಂದರು. ಜಗಲಿಯಲ್ಲಿ ಕೂತು, ನೀರು ಕುಡಿದು, ಇದರ ಹಿಂದೆ ಯಾರಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ, ಅದೇ ತೊಂದರೆಯಾಗಿರುವುದು ಎಂದರು ಬೀರಯ್ಯನವರು. ಖಲೀಫ ಯಾರಾಗಬೇಕು ಅಂತ ನಿಮ್ಮ ಅಭಿಪ್ರಾಯ ಎಂದು ಕೇಳಿದ್ದಕ್ಕೆ, ಅದು ಟರ್ಕಿಯವರ ವಂಶಕ್ಕೆ ಬಿಟ್ಟದ್ದು, ನಮ್ಮೂರದು ಮಾತ್ರ ನನಗೇ ಬರಬೇಕು ಎಂದು ಸ್ಪಷ್ಟವಾಗಿ ಹೇಳಿದರು. ಆಮೇಲೆ ಮೊದಲ ವೀಳ್ಯದ ಕಥೆ ಶುರುವಾಯಿತು. ರುದ್ರಸ್ವಾಮಿ ಮಿರ್ಲೆ ಊರಿನವರು. ಅವರ ದೊಡ್ಡಪ್ಪನಿಗೆ ಸಲ್ಲಬೇಕಾದ ವೀಳ್ಯ ಯಾವುದೋ ಮದುವೆಯಲ್ಲಿ ಪಕ್ಕದ ಮನೆಗೆ ಹೋಗಿ, ಅಣ್ಣತಮ್ಮಂದಿರ ಎರಡು ಮನೆಗಳು ಮಾತು ಬಿಟ್ಟಿದ್ದವು. ಅವರು ಟೋಪಿ ತೆಗೆದು ಪಕ್ಕಕ್ಕಿಟ್ಟು ಕೇಳಿದರು, ನಡುನಡುವೆ ಲೊಚಗುಟ್ಟಿದರು, ಎರಡನೆಯ ಸಲ ಕಾಫಿ ಕುಡಿದರು. ಹೋಗುವಾಗ, ವಯಸ್ಸಾದವರ ಸಂಕಟವೆಲ್ಲ ವೀಳ್ಯದೆಲೆಗೆ ಸಂಬಂಧಪಟ್ಟದ್ದೇ ಹೊರತು ದೇಶಕ್ಕೆ ತೊಂದರೆಯಿಲ್ಲ ಎಂದು ಠಾಣೆಗೆ ಫೋನಿನಲ್ಲೇ ತಿಳಿಸಿದರು.

ದೇಶಕ್ಕೆ ಸಮಾಧಾನವಾಯಿತು, ಕಂಪಲಾಪುರಕ್ಕೆ ಆಗಲಿಲ್ಲ. ಬೀಗರಾಗಬೇಕಾದ ಪುಟ್ಟಮಲ್ಲಪ್ಪ ಒಳ್ಳೆಯವರೇ, ಆದರೆ ಅವರ ಊರಿನಲ್ಲಿ ಯಜಮಾನಿಕೆ ಇನ್ನೂ ನಡೆಯುತ್ತಿತ್ತು, ಅಲ್ಲಿನ ಯಜಮಾನ ತಿಮ್ಮಯ್ಯ ಪದ್ಧತಿಯ ವಿಷಯದಲ್ಲಿ ಕೂದಲು ಸೀಳುವ ಮನುಷ್ಯ. ಎರಡು ಊರಿನ ಯಜಮಾನರು ವೀಳ್ಯ ಬದಲಾಯಿಸಿಕೊಂಡರೆ ಮಾತ್ರ ಶಾಸ್ತ್ರ ಎಂದು ತಿಮ್ಮಯ್ಯನವರು ಹೇಳಿ ಕಳಿಸಿದರು. ಡೋಲು ಬಡಿಸಿಕೊಂಡು ಫೋನಿನಲ್ಲಿ ಬರುವವರ ಕೈಯಿಂದ ತಾವು ವೀಳ್ಯ ಮುಟ್ಟುವುದಿಲ್ಲ. ಊರು ಒಪ್ಪಿದ ಯಜಮಾನನಾದರೆ ಸರಿ, ಒಲೆಗೊಂದು ಎಲೆ ಬಿದ್ದಿರಬೇಕು, ಒಂದೂ ಕಮ್ಮಿ ಆಗಬಾರದು.

ಒಲೆಗೊಂದು ಎಲೆ ಅಂದರೆ ಹಳೆಯ ಕ್ರಮ. ಯಜಮಾನನನ್ನು ಒಪ್ಪಿದ ಗುರುತಿಗೆ ಪ್ರತಿ ಮನೆಯ ಹಿರಿಯರು ತಟ್ಟೆಗೆ ಒಂದು ವೀಳ್ಯದೆಲೆ ಇಡಬೇಕು. ಒಂದು ಮನೆ ಇಡದಿದ್ದರೂ ಪೀಠ ಖಾಲಿ. ಇಷ್ಟು ವರ್ಷ ಬಯಸಿದ್ದು ಈಗ ಊರು ಬಯಸದಿದ್ದರೂ ಬೇಕಾಗಿ ಬಂತಲ್ಲ ಎಂದು ಬೀರಯ್ಯನವರಿಗೆ ಒಳಗೊಳಗೇ ಖುಷಿಯಾಯಿತು. ಮೀನಾ ಮಾತ್ರ ಕೆ.ಆರ್. ನಗರದಿಂದ ಬಂದವಳು ಬ್ಯಾಗು ಇಳಿಸದೆ ಅಪ್ಪನ ಮುಂದೆ ನಿಂತಳು. “ಅಪ್ಪ, ನಿಮ್ಮ ಪೀಠ ಬರ್ಲಿ ಓಗ್ಲಿ. ಈ ಮದ್ವೆ ತಪ್ಪೋದ್ರೆ ನಾನು ಇನ್ನೊಂದು ಗಂಡು ನೋಡಕ್ಕೆ ಕೂರಲ್ಲ,” ಎಂದಳು. ಅಳಲಿಲ್ಲ. ಅತ್ತಿದ್ದರೆ ಬೀರಯ್ಯನವರಿಗೆ ಸಮಾಧಾನ ಹೇಳುವುದಕ್ಕಾದರೂ ಬರುತ್ತಿತ್ತು.

ಅರಳಿಕಟ್ಟೆಯಲ್ಲಿ ಸಭೆ ಸೇರಿತು. ಊರಿಗೊಬ್ಬ ಯಜಮಾನ ಬೇಕೇ ಎಂದು ಕೇಳಿದಾಗ ಎಲ್ಲರೂ ಕೈ ಎತ್ತಿದರು. ಮಕ್ಕಳು ಕೂಡ ಎತ್ತಿದವು. ಅಬ್ಬ, ಊರು ಮತ್ತೆ ದಾರಿಗೆ ಬಂತು ಎಂದುಕೊಂಡು ಬೀರಯ್ಯನವರು ನಡುವಿನ ಜಾಗದ ಕಡೆ ಒಂದು ಹೆಜ್ಜೆ ಇಟ್ಟರು. ಅಷ್ಟರಲ್ಲಿ ಯಾರಾಗಬೇಕು ಎಂಬ ಮಾತು ಬಂತು. ಮೇಲಿನ ಕೇರಿಯವರು ತಮ್ಮ ಮನೆತನ ಮೊದಲಿನದು ಎಂದರು. ಕೆಳಗಿನ ಕೇರಿಯವರು, ಮೊದಲಿನದು ಇರಬಹುದು, ಕಟ್ಟೆಗೆ ಕಲ್ಲು ಹೊತ್ತವರು ನಾವು ಎಂದರು. ಒಬ್ಬರು ವಯಸ್ಸು ಹೇಳಿದರು, ಒಬ್ಬರು ವಿದ್ಯೆ ಹೇಳಿದರು. ಟೀ ಅಂಗಡಿಯ ಚೆಲುವರಾಜು, ಇಡೀ ಊರು ದಿನಾ ಕೂರುವುದು ತನ್ನ ಅಂಗಡಿ ಮುಂದೆಯೇ ಆದ್ದರಿಂದ ನಿಜವಾದ ಕಟ್ಟೆ ಅದೇ ಎಂದ. ಬೇಕು ಅನ್ನುವುದರಲ್ಲಿ ಒಂದಾಗಿದ್ದ ಊರು ಯಾರು ಅನ್ನುವುದರಲ್ಲಿ ಚೂರು ಚೂರಾಯಿತು. ಬೀರಯ್ಯನವರು ಮುಂದಿಟ್ಟ ಹೆಜ್ಜೆಯನ್ನು ಯಾರೂ ನೋಡದ ಹಾಗೆ ಹಿಂದಕ್ಕೆ ತೆಗೆದುಕೊಂಡರು.

ಮಾರನೆಯ ದಿನ ಅವರು ಮತ್ತೆ ಗೌಸ್ ಸಾಬರ ಮಿಲ್ಲಿಗೆ ಹೋದರು. ಖಿಲಾಫತ್ತಿನವರು ನೂರು ವರ್ಷದಿಂದ ಯೋಚನೆ ಮಾಡುತ್ತಿದ್ದಾರಲ್ಲ, ಈ ಯಾರು ಅನ್ನುವುದನ್ನು ಹೇಗೆ ಬಗೆಹರಿಸಿಕೊಂಡಿದ್ದಾರೆ, ಅದನ್ನು ತಿಳಿದುಕೊಂಡು ಹೋಗೋಣ ಎಂದು ಬಂದಿದ್ದರು. ಮೊದಲು ಇಮ್ದಾದನನ್ನೇ ಕೂರಿಸಿಕೊಂಡು ಕೇಳಿದರು. ಟರ್ಕಿಯವರನ್ನು ಕೂರಿಸಿದರೆ ಅರಬ್ಬರು ಎಲೆ ಇಡುತ್ತಾರೆಯೇ? ಅರಬ್ಬರಾದರೆ ಯಾವ ಕೇರಿಯ ಅರಬ್ಬರು? ಕಟ್ಟೆ ಎಲ್ಲಿರುತ್ತದೆ, ನ್ಯಾಯ ಒಪ್ಪದವನನ್ನು ಏನು ಮಾಡುವುದು, ತೀರ್ಮಾನ ಕೇಳಲು ಹುಣಸೂರಿನವರು ಅಲ್ಲಿಯವರೆಗೆ ಹೋಗಿ ಬರುವುದು ಹೇಗೆ? ಇಮ್ದಾದ್ ಮೊದಮೊದಲು ಉತ್ಸಾಹದಿಂದ ಉತ್ತರ ಕೊಟ್ಟ. ಆಮೇಲೆ, ಅದನ್ನೆಲ್ಲ ಎಲ್ಲರೂ ಸೇರಿ ತೀರ್ಮಾನ ಮಾಡುತ್ತಾರೆ ಎಂದ. ನಿನ್ನೆ ನಮ್ಮೂರಲ್ಲೂ ಎಲ್ಲರೂ ಸೇರಿದ್ದೆವು ಎಂದರು ಬೀರಯ್ಯನವರು. ಇಮ್ದಾದ್ ಫೋನನ್ನು ಜೇಬಿಗಿಟ್ಟುಕೊಂಡ.

ಗೌಸ್ ಸಾಬರು ನಗಲಿಲ್ಲ. ಅವರ ಕಡೆ ಮೊದಲ ದಿನದಿಂದಲೂ ಬಗೆಹರಿಯದೆ ಉಳಿದಿರುವುದು ಅದೊಂದೇ ಪ್ರಶ್ನೆ, ಯಾರು ಎಂಬುದು ಎಂದರು. ಕೆಲವು ವರ್ಷದ ಹಿಂದೆ ಒಬ್ಬ ಕಪ್ಪು ಬಟ್ಟೆ ತೊಟ್ಟು, ಬಂದೂಕಿನವರನ್ನು ಕಟ್ಟಿಕೊಂಡು, ನಾನೇ ಖಲೀಫ ಎಂದು ಹೇಳಿಕೊಂಡಿದ್ದ. ಅವನ ಜನ ಹೆಚ್ಚಾಗಿ ಕೊಂದದ್ದು ಮುಸಲ್ಮಾನರನ್ನೇ. ಅದನ್ನು ಟೀವಿಯಲ್ಲಿ ನೋಡಿದ ದಿನ ಸಾಬರು ಮಿಲ್ಲಿನ ಬಾಗಿಲು ಹಾಕಿ ಮನೆಗೆ ಹೋಗಿದ್ದರಂತೆ. ಹೇಳುವಾಗ ಅವರ ದನಿ ಸಣ್ಣದಾಗಿತ್ತು.

“ನಮ್ಮ ಇಮ್ದಾದನ್ನೂ ಕೇಳಿದೆ ಗೌಡ್ರೆ. ಖಿಲಾಫತ್ ಬಂತು ಅಂತಿಟ್ಕೊ, ನೀನೆಲ್ಲಿರ್ತೀಯ ಅಂತ. ಖಲೀಫರ ಪಕ್ಕದಲ್ಲಿ, ಸಲಹೆ ಕೊಡೋಕೆ ಅಂದ. ಮತ್ತೆ ಇಲ್ಲಿ ಮರ ಕುಯ್ಯೋರು ಯಾರು ಅಂದೆ. ಅದನ್ನ ಯೋಚನೆ ಮಾಡಿಲ್ಲ ಅಂದ. ವಾಪಸ್ ಬರಲಿ ಅನ್ನೋರೆಲ್ಲ ಮೇಲೆ ಕೂತ ಹಾಗೇ ಕನಸು ಕಾಣ್ತಾರೆ. ಕೆಳಗೆ ನಿಂತ ಹಾಗೆ ಒಬ್ಬನೂ ಕಾಣಲ್ಲ.”

ಇದು ಇಮ್ದಾದನಿಗೆ ಹೇಳಿದ ಮಾತು ಎಂದೇ ಬೀರಯ್ಯನವರು ತಿಳಿದರು, ತಲೆ ಆಡಿಸಿದರು. ಪೀಠ ಕೇಳಬೇಡಿ, ಮಗಳ ಸಲುವಾಗಿ ಕೇಳಿ ನೋಡಿ ಎಂದು ಸಾಬರು ಕೊನೆಗೆ ಹೇಳಿದ್ದು ಮಾತ್ರ ಅವರ ಮನಸ್ಸಿಗೆ ಹೋಯಿತು.

ಹಾಗೇ ಕೇಳಿದರು. ಮನೆಮನೆಗೆ ಹೋಗಿ, ಕಟ್ಟೆಯ ಹೆಸರೆತ್ತದೆ, ಮೀನಾಳ ಹೆಸರೆತ್ತಿ ಕೇಳಿದರು. ಊರಿಗೆ ಮೀನಾಳನ್ನು ಕಂಡರೆ ಇಷ್ಟ. ಸಕ್ಕರೆ ಕಾಯಿಲೆಯ ಮುದುಕರೆಲ್ಲ ಅವಳ ಕೈಯಲ್ಲಿ ಚುಚ್ಚಿಸಿಕೊಂಡವರು. ಪೀಠ ಬಯಸಿ ಜಗಳವಾಡಿದವರೂ, ತಮಗೆ ಸಿಗದಿದ್ದದ್ದು ಎದುರು ಕೇರಿಗೂ ಸಿಗದಿರಲಿ ಎಂಬ ಒಳ್ಳೆಯ ಮನಸ್ಸಿನಿಂದ ಬೀರಯ್ಯನವರಿಗೇ ಎಲೆ ಇಟ್ಟರು. ಯಜಮಾನಿಕೆ ತೆಗೆಸಿದ ನಟರಾಜುವೇ, ಹುಡುಗಿಯ ಬಾಳಿನ ಪ್ರಶ್ನೆ, ತನ್ನದೇನೂ ಅಡ್ಡಿಯಿಲ್ಲ ಎಂದ. “ಆದ್ರೆ ನಮ್ಮನೆ ಎಲೆ ನನ್ದಲ್ಲ, ನಮ್ಮವ್ವನ್ದು. ನೀವೇ ಕೇಳ್ಕಳಿ,” ಎಂದು ಹೊಲದ ಕಡೆ ಹೋದ. ತಟ್ಟೆಯಲ್ಲಿ ಇನ್ನು ಬೀಳಬೇಕಾಗಿದ್ದದ್ದು ಮಾಯಮ್ಮನ ಎಲೆ ಒಂದೇ.

ಮಾಯಮ್ಮ ಜಗಲಿಯಲ್ಲಿ ಕೂತು ಹೊಗೆಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ಗುಡ್ಡೆ ಮಾಡುತ್ತಿದ್ದಳು. ಬೀರಯ್ಯನವರು ಅಂಗಳದಲ್ಲೇ ನಿಂತರು. ಕೂತ್ಕಳಿ ಎಂದು ಅವಳೇ ಹೇಳಬೇಕಾಯಿತು. ಮೀನಾಳ ವಿಷಯ ಎಂದು ಅವರು ಶುರು ಮಾಡಿದರು. ಅವಳು ಕೈ ನಿಲ್ಲಿಸದೆ, ತನ್ನ ಮಗಳು ರಾಣಿಯ ಮದುವೆ ದಿನ ಎಷ್ಟು ಅನ್ನ ಮಾಡಿಸಿದ್ದೆ ಎಂದು ನೆನಪಿದೆಯೇ ಎಂದು ಕೇಳಿದಳು.

ಬೀರಯ್ಯನವರಿಗೆ ನೆನಪಿತ್ತು. ರಾಣಿಯ ಮೊದಲ ಗಂಡ ಮದುವೆಯಾದ ವರ್ಷವೇ ಟ್ರ್ಯಾಕ್ಟರು ಮಗುಚಿ ಸತ್ತಿದ್ದ. ಮಾಯಮ್ಮ ಮಗಳಿಗೆ ಇನ್ನೊಂದು ಮದುವೆ ಮಾಡಿದಳು, ಯಜಮಾನರ ಅಪ್ಪಣೆ ಕೇಳದೆ. ಆ ದಿನ ಚಪ್ಪರದಲ್ಲಿ ಮೊದಲ ವೀಳ್ಯವನ್ನು ಬೀರಯ್ಯನವರು ಮುಟ್ಟಲಿಲ್ಲ, ಕೂತ್ಕಳಿ ಎನ್ನಲಿಲ್ಲ, ಎದ್ದು ಮನೆಗೆ ಹೋದರು. ಅವರು ಎದ್ದ ಮೇಲೆ ಊರೂ ಎದ್ದಿತು. ಇಡೀ ಊರಿಗೆ ಮಾಡಿದ್ದ ಅನ್ನವನ್ನು ಸಾಯಂಕಾಲ ದನಗಳ ಗೋದಲಿಗೆ ಹಾಕಿದರು. ನಟರಾಜು ಹುಡುಗರನ್ನು ಸೇರಿಸಿದ್ದು ಅದರ ಮಾರನೆಯ ವಾರ.

“ಈಗ ಅಂತಾದ್ದೇ ಇನ್ನೊಂದು ಮದ್ವೆ ಆದ್ರೆ ಏನ್ ಮಾಡೀರಿ?” ಎಂದಳು ಮಾಯಮ್ಮ.

“ಆಗಿಂದೇ ಬ್ಯಾರೆ, ಈಗಿಂದೇ ಬ್ಯಾರೆ ಕಣವ್ವ. ಈಗಾದ್ರೆ ಬುಟ್ಬುಡ್ತೀನಿ.”

“ಬುಟ್ಬುಡಕ್ಕೆ ಯಜಮಾನ್ರು ಯಾಕ್ ಬೇಕು?”

ಅವಳ ದನಿಯಲ್ಲಿ ಕೋಪವಿರಲಿಲ್ಲ, ತಿಳಿದುಕೊಳ್ಳುವುದಕ್ಕೇ ಕೇಳಿದ ಹಾಗಿತ್ತು. ಕಟ್ಟೆಯ ಮೇಲೆ ಕೂತು ಎಂಥೆಂಥ ತಕರಾರಿಗೋ ಉತ್ತರ ಕೊಟ್ಟ ಬೀರಯ್ಯನವರು ಟವೆಲ್ಲು ಕೊಡವಿಕೊಂಡು ಎದ್ದರು. ಮನೆಗೆ ನಡೆಯುತ್ತ ದಾರಿಯಲ್ಲಿ ಒಂದೆರಡು ಉತ್ತರ ಹೊಳೆದವು. ಹಿಂದಿರುಗಿ ಹೋಗಿ ಹೇಳುವಷ್ಟು ಗಟ್ಟಿಯಾಗಿ ಯಾವುದೂ ಇರಲಿಲ್ಲ. ಚಾಮುಂಡಮ್ಮ ಎಲೆ ಬಿತ್ತೇ ಎಂದು ಕೇಳಿದಳು. ಗೊತ್ತಿಲ್ಲ ಎಂದರು. ಅವರು ಹೆಂಡತಿಯ ಮುಂದೆ ಗೊತ್ತಿಲ್ಲ ಎಂದದ್ದು ಅದೇ ಮೊದಲು, ಅವಳು ಅವರ ಹಣೆ ಮುಟ್ಟಿ ನೋಡಿದಳು.

ಶಾಸ್ತ್ರದ ದಿನ ಬೆಳಿಗ್ಗೆಯೇ ಕಂಪಲಾಪುರದವರು ಎರಡು ವ್ಯಾನಿನಲ್ಲಿ ಬಂದಿಳಿದರು. ತಿಮ್ಮಯ್ಯನವರು ಪೇಟ ಕಟ್ಟಿದ್ದರು. ಚಪ್ಪರದಲ್ಲಿ ಗೌಸ್ ಸಾಬರನ್ನೂ ಇಮ್ದಾದನನ್ನೂ ಕಂಡು, ಖಲೀಫರ ಕಡೆಯವರು ಇವರೇನಾ ಎಂದು ಕೇಳಿದರು. ಸೌದೆಯ ಕಡೆಯವರು ಎಂದರು ಗೌಸ್ ಸಾಬರು. ತಿಮ್ಮಯ್ಯನವರು ಎಲೆಯ ತಟ್ಟೆ ತರಿಸಿ ಬೆರಳು ಮಡಿಸಿ ಮಡಿಸಿ ಲೆಕ್ಕ ಹಾಕಿದರು. ಮನೆಗಳ ಲೆಕ್ಕಕ್ಕೆ ಒಂದು ಕಮ್ಮಿ ಬಂತು. ಶರತ್ ತಲೆ ತಗ್ಗಿಸಿದ, ಅವನಪ್ಪ ವ್ಯಾನಿನ ಕಡೆ ನೋಡಿದರು. ಒಳಗಿನಿಂದ ಮೀನಾ ಬಾಗಿಲಿಗೆ ಬಂದು ನಿಂತಳು.

ಆಗ ಮಾಯಮ್ಮ ಬಂದಳು. ಸೆರಗಿನಿಂದ ಎಲೆ ತೆಗೆದು ತಟ್ಟೆಯಲ್ಲಿಟ್ಟು, “ಇದು ಮೀನಾಗೆ, ನಿಮಗಲ್ಲ,” ಎಂದಳು. ಯಾರಿಗಿಟ್ಟರೇನು, ತಿಮ್ಮಯ್ಯನವರ ಲೆಕ್ಕ ಸರಿಹೋಯಿತು. ಅವರು ಎದ್ದು ನಿಂತು, ಚಪ್ಪರ ನಡುಗುವ ಹಾಗೆ, ಮುತ್ತುಗದಕೊಪ್ಪಲಿನ ಯಜಮಾನರಾದ ದೊಡ್ಡಬೀರಯ್ಯನವರಿಗೆ ಮೊದಲ ವೀಳ್ಯ ಎಂದು ಕೂಗಿದರು.

ಆ ಕೂಗು ಕಿವಿಗೆ ಬಿದ್ದಾಗ ಬೀರಯ್ಯನವರ ಕಣ್ಣು ತುಂಬಿತು, ಅದನ್ನು ಮುಚ್ಚಿಡುವುದೇಕೆ. ವೀಳ್ಯ ಕೈಗೆ ಬಂತು. ಚಪ್ಪರದ ತುಂಬ ಜನ ಎದ್ದು ನಿಂತು ಅವರ ಬಾಯನ್ನೇ ನೋಡುತ್ತಿದ್ದರು. ಎಲೆ ಹಾಸಿತ್ತು, ಉಪ್ಪು ಬಡಿಸಿತ್ತು. ಅವರು ಹಳೆ ರೂಢಿಯಂತೆ ಗಂಟಲು ಸರಿಮಾಡಿಕೊಳ್ಳುತ್ತ, ನಿಂತವರನ್ನು ಈ ತುದಿಯಿಂದ ಆ ತುದಿಗೆ ನೋಡುತ್ತ ಬಂದರು. ಚಪ್ಪರದ ಕೊನೆಯ ಕಂಬದ ಆಚೆ, ಬಿಸಿಲಿನಲ್ಲಿ, ರಾಣಿ ನಿಂತಿದ್ದಳು. ಪಕ್ಕದಲ್ಲಿ ಅವಳ ಗಂಡ, ಅವನ ಹೆಗಲ ಮೇಲೆ ಮಗು. ಎಲ್ಲರೂ ಚಪ್ಪರದೊಳಗೆ ನಿಂತಿದ್ದರೆ ಅವರು ಮೂವರು ಮಾತ್ರ ಹೊರಗೆ.

ಬೀರಯ್ಯನವರು ವೀಳ್ಯ ಹಿಡಿದುಕೊಂಡೇ ಅಲ್ಲಿಗೆ ನಡೆದರು.

“ಯಾಕವ್ವ ಬಿಸಿಲಲ್ಲಿ ನಿಂತಿದ್ದೀಯ? ಒಳಕ್ಕೆ ಬರಬಾರದಾ?”

“ನೀವು ಕೂತ್ಕಳಿ ಅಂದ್ಮೇಲೆ ಬತ್ತೀವಿ ದೊಡ್ಡಪ್ಪ,” ಎಂದಳು ರಾಣಿ. “ಅನ್ನದಿದ್ರೆ ಇಂಗೇ ಓಯ್ತೀವಿ. ಮಗೀಗೆ ಮನೇಲೇ ಉಣ್ಸಿ ಕರ್ಕಬಂದಿವ್ನಿ.”

ಚುಚ್ಚಿ ಹೇಳಿದ ಮಾತಲ್ಲ ಅದು. ಹೊರಡುವ ಮುಂಚೆ ಯೋಚಿಸಿ, ಮಗುವಿಗೆ ಎರಡು ತುತ್ತು ಉಣ್ಣಿಸಿ, ಆದದ್ದಾಗಲಿ ಎಂದು ಬಂದಿದ್ದಳು. ಬೀರಯ್ಯನವರಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಮರ್ಯಾದೆ ಹೋಯಿತು, ಮರ್ಯಾದೆ ಹೋಯಿತು ಎಂದು ಕಂಡವರ ಮುಂದೆಲ್ಲ ಗೋಳಾಡಿದ್ದರು. ಆ ಮರ್ಯಾದೆ ಅಂದರೆ ಒಬ್ಬ ತಾಯಿ ಶಾಸ್ತ್ರದ ಊಟಕ್ಕೆ ಬರುವಾಗ ಮಗುವಿಗೆ ಮನೆಯಲ್ಲೇ ಉಣ್ಣಿಸಿಕೊಂಡು ಬರುವುದಾಗಿತ್ತು. ಅವರು ತಿರುಗಿ ಬಂದು ವೀಳ್ಯವನ್ನು ತಟ್ಟೆಗೆ ವಾಪಸ್ ಇಟ್ಟರು.

“ತಿಮ್ಮಯ್ಯನೋರೆ, ನಮ್ಮೂರಲ್ಲಿ ಯಜಮಾನ ಇಲ್ಲ. ನಾನು ಎಣ್ಣಿನ ಅಪ್ಪ. ಅಪ್ಪ ಅಂತ ಕೊಟ್ರೆ ಇಸ್ಕತೀನಿ.”

ತಿಮ್ಮಯ್ಯನವರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ಎಲೆಯ ಲೆಕ್ಕ ಸರಿಯಿದೆ, ಊರು ಒಪ್ಪಿದೆ, ಕೈಗೆ ಬಂದದ್ದನ್ನು ಬೇಡ ಅನ್ನುತ್ತಾರಲ್ಲ ಎಂದರು. ಇದು ಎಲ್ಲೂ ಇಲ್ಲದ ಕ್ರಮ ಎಂದರು. ಯಜಮಾನನೇ ಇಲ್ಲದಿದ್ದರೆ ಈ ಜನಕ್ಕೆ ಕೂತ್ಕಳಿ ಎಂದು ಹೇಳುವವರು ಯಾರು ಎಂದು ಕೇಳಿದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು, ಮೇಲಿನ ಕೇರಿಯವರು ಕೆಳಗಿನ ಕೇರಿಯವರ ಮೇಲೆ ಒಂದು ಕಣ್ಣಿಟ್ಟರು.

ಅಡುಗೆಮನೆಯಿಂದ ಚಾಮುಂಡಮ್ಮ ಸೌಟು ಹಿಡಿದುಕೊಂಡೇ ಈಚೆ ಬಂದಳು. “ಅನ್ನ ಆರ್ತಾ ಅದೆ. ಎಲ್ರೂ ಕೂತ್ಕಳಿ,” ಎಂದಳು.

ಇಡೀ ಚಪ್ಪರ ಕೂತಿತು. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿಕೊಂಡು ಬಂದಿದ್ದ ತಿಮ್ಮಯ್ಯನವರು ಎಲ್ಲರಿಗಿಂತ ಮೊದಲು ಕೂತರು. ಉಂಡ ಮೇಲೆ ಅಪ್ಪನ ಕೈಗೇ ವೀಳ್ಯ ಕೊಡೋಣ, ಬಿಡಿ ಎಂದು ಪುಟ್ಟಮಲ್ಲಪ್ಪನ ಕಿವಿಯಲ್ಲಿ ಹೇಳಿದರು. ಬಾಗಿಲಲ್ಲಿದ್ದ ಮೀನಾ ಓಡಿಹೋಗಿ ರಾಣಿಯ ಮಗುವನ್ನು ಎತ್ತಿಕೊಂಡು ಬಂದಳು, ಹಿಂದೆಯೇ ಗಂಡ ಹೆಂಡತಿ ಒಳಗೆ ಬಂದು ಮಾಯಮ್ಮನ ಪಕ್ಕದಲ್ಲಿ ಕೂತರು.

ಬೀರಯ್ಯನವರಿಗೆ ಜಾಗ ಸಿಕ್ಕಿದ್ದು ಕೊನೆಯ ಸಾಲಿನ ತುದಿಯಲ್ಲಿ, ಇಮ್ದಾದನ ಪಕ್ಕದಲ್ಲಿ. ಬಡಿಸುವವರು ಬರುವ ಹೊತ್ತಿಗೆ ಅನ್ನ ನಿಜವಾಗಿಯೂ ಆರಿತ್ತು, ಸಾರು ಬಿಸಿಯಿತ್ತು. ಇಂಥ ಊಟಕ್ಕೆ ಹೊಸಬನಾದ ಇಮ್ದಾದ್ ಅನ್ನಕ್ಕೆ ಕೈ ಹಾಕದೆ, ಈಗ ಶುರು ಮಾಡುವುದಕ್ಕೆ ಯಾರಾದರೂ ಹೇಳಬೇಕೇ ಎಂದು ಮೆಲ್ಲಗೆ ಕೇಳಿದ. ಬೀರಯ್ಯನವರು ಆಗಲೇ ಬಾಯಿಗೆ ತುತ್ತು ಇಟ್ಟಿದ್ದರು.